ಕ್ಯಾಸೆಟ್ ಹಾಕಿದ ಹಾಗೆ: ಜಾಝ್, ಧ್ವನಿಮುದ್ರಿಕೆ ಮತ್ತು ಎದುರು ಕೂತ ಕಿವಿ



ನಮ್ಮ ಕಡೆ ಗಣಪತಿ ಪೆಂಡಾಲಿನಲ್ಲೋ ರಾಜ್ಯೋತ್ಸವದ ವೇದಿಕೆಯಲ್ಲೋ ರಸಮಂಜರಿ ಮುಗಿದಾಗ ಹಾಡಿದವರಿಗೆ ಸಿಗುವ ದೊಡ್ಡ ಶಹಬ್ಬಾಸ್‌ಗಿರಿ ಒಂದೇ: “ಕ್ಯಾಸೆಟ್ ಹಾಕಿದ ಹಾಗೇ ಹಾಡಿದ್ರು.” ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲ್ ಬಂತು. ಹೊಗಳಿಕೆಯ ಮಾತು ಮಾತ್ರ ಅಲ್ಲೇ ನಿಂತಿದೆ. ಈ ಮಾತಿನೊಳಗೆ ಸದ್ದಿಲ್ಲದೆ ಒಂದು ತೀರ್ಪು ಕೂತಿದೆ. ಮೂಲ ಇರುವುದು ಕ್ಯಾಸೆಟ್ಟಿನಲ್ಲಿ, ಎದುರು ನಿಂತು ಹಾಡುವವನದು ಅದರ ನಕಲು, ನಕಲು ಮೂಲಕ್ಕೆ ಎಷ್ಟು ಹತ್ತಿರವಾದರೆ ಅಷ್ಟು ಚೆನ್ನ ಎಂಬ ತೀರ್ಪು ಅದು. ಸಿನಿಮಾ ಹಾಡಿಗೆ ಇದು ಸಲ್ಲುತ್ತದೆ. ಆ ಹಾಡು ಹುಟ್ಟಿದ್ದೇ ಸ್ಟುಡಿಯೋದಲ್ಲಿ. ಜನ ಅದನ್ನು ಮೊದಲು ಕೇಳಿದ್ದೂ ಯಂತ್ರದಿಂದಲೇ. ಆದರೆ ಅದೇ ಮೊಳವನ್ನು ಹಿಂದುಸ್ತಾನಿ ಗಾಯನಕ್ಕೆ, ವಾಲಗಕ್ಕೆ, ಡೊಳ್ಳಿಗೆ, ಈ ಹೊತ್ತಿನ ನನ್ನ ವಿಷಯವಾದ ಜಾಝ್‌ಗೆ ಹಿಡಿದರೆ ಅಳತೆ ಕೆಡುತ್ತದೆ. ಆಡುತ್ತಾಡುತ್ತಲೇ ಹುಟ್ಟುವ ಸಂಗೀತದಲ್ಲಿ ಧ್ವನಿಮುದ್ರಿಕೆಯನ್ನು ಸಾಕ್ಷಿ ಎಂದು ಕಟಕಟೆಗೆ ಕರೆಯಬೇಕು, ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಬಾರದು. ಸಾಕ್ಷಿ ಎಂದ ಮೇಲೆ ಪಾಟೀಸವಾಲು ಬೇಕು: ನೀನು ಎಲ್ಲಿದ್ದೆ, ಎಷ್ಟು ಹೊತ್ತು ಇದ್ದೆ, ನಿನಗೆ ಏನು ಕೇಳಿಸಿತು, ಏನು ಕೇಳಿಸಲಿಲ್ಲ? ಜಾಝ್‌ನ ಅತಿ ಪ್ರಸಿದ್ಧ ಮುದ್ರಿಕೆಗಳನ್ನೇ ಹೀಗೆ ಪ್ರಶ್ನಿಸಿ ನೋಡೋಣ.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕೇಳುಗರ ಮುಂದೆ ಜಾಝ್ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಈ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುಂಚೆ ಒಂದೇ ಮನೆಯವಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದವು, ಜಗಳೂರು ಚಿತ್ರದುರ್ಗದ್ದು, ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಪಾಲು ಪಡೆದು ಬೇರೆಯಾದದ್ದು. ಅಡಿಕೆ ತೋಟದ ಸೀಮೆಯೂ ಇದೆ, ಮೋಡ ನೋಡುತ್ತ ಕೂರುವ ಹೊಲಗಳೂ ಇವೆ. ಜಾಝ್ ನುಡಿಸುವ ಕ್ಲಬ್ಬು ಇಲ್ಲಿ ಒಂದೂ ಇಲ್ಲ, ಅದರ ಕೊರಗೂ ಬೇಕಿಲ್ಲ. ಸುರಗೊಂಡನಕೊಪ್ಪದ ಸೇವಾಲಾಲರ ಜಾತ್ರೆಗೆ ಬರುವ ಲಂಬಾಣಿ ಹೆಂಗಸರಲ್ಲಿ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುವುದು, ಡೊಳ್ಳಿನ ಮೇಳದಲ್ಲಿ ಮುಂದಾಳು ಕಣ್ಣಲ್ಲೇ ಗತ್ತು ಬದಲಿಸುವುದು, ಭಜನೆಯಲ್ಲಿ ಒಂದೇ ಪಲ್ಲವಿಯನ್ನು ಹತ್ತು ಥರ ತಿರುಗಿಸುವುದು ಇಲ್ಲಿಯ ಕಿವಿಗೆ ಹೊಸದಲ್ಲ. ಬರೆದಿಟ್ಟದ್ದನ್ನು ಒಪ್ಪಿಸುವುದಕ್ಕೂ ಆ ಕ್ಷಣಕ್ಕೆ ಒದಗಿದ್ದನ್ನು ಬೆಳೆಸುವುದಕ್ಕೂ ಇರುವ ಅಂತರ ಬಲ್ಲ ಕಿವಿಗೆ ಜಾಝ್‌ನ ಬಾಗಿಲು ಅರ್ಧ ತೆರೆದೇ ಇದೆ. ಹಾಗೆಂದು ಜಾಝೂ ನಮ್ಮ ಸಂಗೀತವೂ ಒಂದೇ ಎಂದು ತೇಲಿಸಿ ಮಾತಾಡುವುದು ನನಗೆ ಒಗ್ಗದು. ಅಂತರ ಎಲ್ಲಿದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಸಾಕ್ಷಿಯ ಮೊದಲ ದೋಷ ಅದರ ಹುಟ್ಟಿನಲ್ಲೇ ಇದೆ. ಜಾಝ್‌ನ ಮೊದಲ ತಟ್ಟೆ ಎಂದು ಎಲ್ಲ ಪುಸ್ತಕಗಳೂ ಹೆಸರಿಸುವುದು 1917ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗಾಗಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್ ನುಡಿಸಿದ್ದನ್ನು. ಆ ತಂಡದವರೆಲ್ಲ ಬಿಳಿಯರು. ನ್ಯೂ ಆರ್ಲಿಯನ್ಸ್‌ನ ಕೇರಿಗಳಲ್ಲಿ ಆ ಸಂಗೀತವನ್ನು ಕಟ್ಟಿದ ಕಪ್ಪು ಜನ ಆ ತಟ್ಟೆಯಲ್ಲಿ ಇಲ್ಲ. ಅವರೆಲ್ಲರ ಹಿರಿಯ ಎಂದು ಕೊಂಡಾಡಿಸಿಕೊಂಡ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ 1907ರಲ್ಲೇ ಬುದ್ಧಿ ಕೆಟ್ಟು ಆಸ್ಪತ್ರೆ ಸೇರಿದ, 1931ರಲ್ಲಿ ಅಲ್ಲೇ ತೀರಿಕೊಂಡ. ಅವನ ಒಂದು ಸ್ವರವೂ ನಮಗೆ ಉಳಿದಿಲ್ಲ. ತಟ್ಟೆಗಳನ್ನೇ ಚರಿತ್ರೆ ಎಂದುಕೊಂಡವರಿಗೆ ಜಾಝ್ ಬಿಳಿಯರಿಂದ ಶುರುವಾಯಿತು, ಬೋಲ್ಡನ್ ಎಂಬವನು ಹುಟ್ಟೇ ಇರಲಿಲ್ಲ. ಇನ್ನು 1923ರಲ್ಲಿ ಕಿಂಗ್ ಆಲಿವರನ ಬ್ಯಾಂಡ್ ಇಂಡಿಯಾನಾದ ರಿಚ್ಮಂಡ್ ಎಂಬ ಊರಿನಲ್ಲಿ ಗೆನೆಟ್ ಕಂಪನಿಗೆ ನುಡಿಸಿದ ತಟ್ಟೆಗಳಿಗೆ ಬನ್ನಿ. ಹರೆಯದ ಲೂಯಿ ಆರ್ಮ್‌ಸ್ಟ್ರಾಂಗ್ ಎರಡನೇ ಕಾರ್ನೆಟ್ ಹಿಡಿದಿದ್ದ ಕಾರಣಕ್ಕೆ ಅವು ಅಮೂಲ್ಯ. ಆಗಿನ್ನೂ ವಿದ್ಯುತ್ ಮೈಕು ಬಂದಿರಲಿಲ್ಲ. ಎಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕು, ಆ ಕಂಪನಕ್ಕೆ ಸೂಜಿ ಮೇಣದ ಮೇಲೆ ಗೀರಬೇಕು. ದೊಡ್ಡ ಡ್ರಮ್ ಬಾರಿಸಿದರೆ ಸೂಜಿಯೇ ಹಾರುವ ಭಯ. ಹಾಗಾಗಿ ಬೇಬಿ ಡಾಡ್ಸ್ ಎಂಬ ಅದ್ಭುತ ಡ್ರಮ್ ವಾದಕನ ಕೈಗೆ ಸಿಕ್ಕಿದ್ದು ಮರದ ತುಂಡುಗಳು. ಅವನ ನಿಜವಾದ ಬಾರಿಕೆ ಆ ತಟ್ಟೆಗಳಲ್ಲಿ ಇಲ್ಲ. ಇದು ಹಳೆಯ ಕಾಲದ ಬಡತನ ಎಂದು ನಗುವ ಮುಂಚೆ ನಮ್ಮ ಜಾತ್ರೆಯ ಡೊಳ್ಳಿನ ವಿಡಿಯೋ ಒಂದನ್ನು ಮೊಬೈಲಿನಲ್ಲಿ ಹಾಕಿ ಕೇಳಿ. ಎದುರು ನಿಂತವರ ಎದೆಗೂಡನ್ನೇ ನಡುಗಿಸುವ ಆ ಧಿಮ್ಮು ಎಲ್ಲಿ? ಫೋನಿನ ಪುಟ್ಟ ಮೈಕು ಜೋರು ಸದ್ದನ್ನು ತಾನಾಗಿ ತಗ್ಗಿಸುತ್ತದೆ, ಅದರ ಸ್ಪೀಕರಿಗೆ ಕೆಳದನಿ ಹೊರಡಿಸುವ ತಾಕತ್ತಿಲ್ಲ. ಉಳಿಯುವುದು ಡಬ್ಬ ಬಡಿದ ಹಾಗೆ ಒಂದು ಟಕಟಕ. ನೂರು ವರ್ಷದ ಹಿಂದಿನ ಕಹಳೆಗೂ ಈವತ್ತಿನ ಫೋನಿಗೂ ಈ ಒಂದು ವಿಷಯದಲ್ಲಿ ಭೇದ ಬಹಳವಿಲ್ಲ.

ಮೂರು ನಿಮಿಷದ ಕಟ್ಟುಪಾಡೂ ಅಷ್ಟೇ ಗಟ್ಟಿ. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಅಷ್ಟೇ ಹೊತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗಿಳಿಸಿದಾಗ ಒಂದು ರಾಗದ ಇಡೀ ಮೈಯನ್ನು ಆಕೆ ಮೂರು ನಿಮಿಷದೊಳಗೆ ಮಡಚಬೇಕಾಯಿತು. ಮಡಚಿದ ರೀತಿ ಬೆರಗು ಹುಟ್ಟಿಸುವಂಥದು, ನಿಜ. ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುತ್ತಿದ್ದರು, ಏಕೆಂದರೆ ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಯಾವುದು ಎಂದು ತಿಳಿಯಬೇಕಲ್ಲ. ಆ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು. ದೇಶವೆಲ್ಲ ಆಕೆಯನ್ನು ನೆನೆಯುವುದು ಮೂರು ಮೂರು ನಿಮಿಷಗಳಲ್ಲಿ. ರಾತ್ರಿಯಿಡೀ ನಡೆದ ಬೈಠಕ್ಕುಗಳಲ್ಲಿ ಆಕೆ ಹೇಗೆ ಬೆಳೆಸುತ್ತಿದ್ದರು ಎಂಬುದು ಕೇಳಿದವರ ಜೊತೆಗೇ ಮಣ್ಣಾಯಿತು.

ಮೂರು ನಿಮಿಷದ ತಟ್ಟೆಯೇ ಕಲಾವಿದನಿಗೆ ಬೇಡಿಯಾದ ಕಥೆ ಜಾಝ್‌ನಲ್ಲಿ ಒಂದಿದೆ. ಟೆನರ್ ಸ್ಯಾಕ್ಸೋಫೋನಿನ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ‘ಬಾಡಿ ಅಂಡ್ ಸೋಲ್’ ಎಂಬ ಹಾಡನ್ನು ನುಡಿಸಿದ. ಹಾಡಿನ ಧಾಟಿಯನ್ನು ಮೊದಲಲ್ಲಿ ಸ್ವಲ್ಪ ತೋರಿಸಿದಂತೆ ಮಾಡಿ ಆಮೇಲೆ ಅದರ ಹಂಗನ್ನೇ ತೊರೆದು, ತಳದ ಸ್ವರಸಂಯೋಜನೆಯನ್ನು ಮಾತ್ರ ಹಿಡಿದು ಎರಡು ಸುತ್ತು ಹೊಸದಾಗಿ ನೇಯ್ದ. ತಟ್ಟೆ ಬಿಸಿ ದೋಸೆಯ ಹಾಗೆ ಮಾರಾಟವಾಯಿತು. ಅಲ್ಲಿಂದ ಮುಂದೆ ಅವನು ಹೋದಲ್ಲೆಲ್ಲ ಜನಕ್ಕೆ ಬೇಕಾದದ್ದು ಅದೇ ನುಡಿಸಾಣಿಕೆ, ತಟ್ಟೆಯಲ್ಲಿದ್ದ ಹಾಗೆ, ಸ್ವರ ಬಿಡದೆ. ಒಂದು ದಿನ ಆ ಗಳಿಗೆಗೆ ಹೊಳೆದದ್ದನ್ನು ಬಾಳೆಲ್ಲ ಬಾಯಿಪಾಠ ಒಪ್ಪಿಸು ಎಂದರೆ ಮನೋಧರ್ಮದ ಕಲಾವಿದನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಹಾಕಿನ್ಸ್ ಜಾಣ, ಕೊಂಚ ಕೊಟ್ಟು ಬಹಳಷ್ಟನ್ನು ಬದಲಿಸುತ್ತ ಬಾಳಿದ. ಅವನನ್ನು ಕಾಡಿದ ಬೇಡಿಕೆಗೂ ನಮ್ಮ ಪೆಂಡಾಲಿನ ಶಹಬ್ಬಾಸ್‌ಗಿರಿಗೂ ಬೇರು ಒಂದೇ.

ನಮ್ಮವರೇ ಆದ ಕುಮಾರ ಗಂಧರ್ವರ ಬಾಲ್ಯ ಇದಕ್ಕೆ ಇನ್ನೂ ಒಳ್ಳೆಯ ನಿದರ್ಶನ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆ ಕೇಳಿ ಯಥಾವತ್ತು ಹಾಡುತ್ತಿದ್ದ. ಊರೂರು ತಿರುಗಿ ಅದನ್ನೇ ಹಾಡಿ ಹೆಸರು ಮಾಡಿದ, ‘ಕುಮಾರ ಗಂಧರ್ವ’ ಎಂಬ ಬಿರುದೂ ಆ ವಯಸ್ಸಿಗೇ ಬಂತು. ಜನ ಮೆಚ್ಚಿದ್ದು ಏನನ್ನು? ಕ್ಯಾಸೆಟ್ ಹಾಕಿದ ಹಾಗೆ ಹಾಡಿದ್ದನ್ನು. ಆ ಹುಡುಗ ಅಲ್ಲಿಗೇ ನಿಂತಿದ್ದರೆ ಹಳೆಯ ಪತ್ರಿಕೆಗಳ ಮೂಲೆಯಲ್ಲಿ ಒಂದು ಬಾಲಪ್ರತಿಭೆಯಾಗಿ ಉಳಿಯುತ್ತಿದ್ದ. ಮುಂಬಯಿಗೆ ಹೋಗಿ ಬಿ. ಆರ್. ದೇವಧರರ ಬಳಿ ಕೂತು, ತಟ್ಟೆಗಳು ತುಂಬಿದ್ದನ್ನು ಕರಗಿಸಿಕೊಂಡು, ಕೊನೆಗೆ ಯಾರ ಹಾಗೂ ಅಲ್ಲದಂತೆ ಹಾಡಲು ಕಲಿತದ್ದರಿಂದ ಅವರು ಕುಮಾರ ಗಂಧರ್ವರಾದರು. ತಟ್ಟೆ ಅವರಿಗೆ ಮೊದಲ ಮೆಟ್ಟಿಲಾಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮೆಟ್ಟಿಲ ಮೇಲೆ ಮನೆ ಕಟ್ಟಿಕೊಳ್ಳಲಿಲ್ಲ ಎಂಬುದೇ ಅವರ ದೊಡ್ಡತನ.

ಈ ವಿಷಯದಲ್ಲಿ ನಮ್ಮ ಕಂಪನಿ ನಾಟಕದ ಪ್ರೇಕ್ಷಕರು ಈಗಿನವರಿಗಿಂತ ಹೆಚ್ಚು ಪಳಗಿದ್ದರು ಎಂದು ನನ್ನ ಅಭಿಪ್ರಾಯ. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ತಂಡಗಳು, ಚಿಂದೋಡಿ ಲೀಲಾ ಅವರಂಥ ನಟಿಯರು ಈ ಸೀಮೆಗೆಲ್ಲ ರಂಗಗೀತೆಯ ರುಚಿ ಹತ್ತಿಸಿದ ಕಾಲದಲ್ಲಿ ಹಾಡು ಮುಗಿಯುತ್ತಲೇ ಪ್ರೇಕ್ಷಕರಿಂದ ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು. ಆ ಕೂಗನ್ನು ಮೊಬೈಲಿನ ಮರುಪ್ರಸಾರದ ಗುಂಡಿಗೆ ಹೋಲಿಸಿದರೆ ತಪ್ಪಾದೀತು. ಎರಡನೇ ಸಲ ಅದೇ ಹಾಡು ಅದೇ ಥರ ಬಂದರೆ ಕೂಗಿದವನಿಗೆ ಮೋಸವಾದಂತೆ. ಹಾರ್ಮೋನಿಯಂ ಮಾಸ್ತರರು ಒಂದು ಎಳೆ ಜಾಸ್ತಿ ಎಳೆಯಬೇಕು, ಹಾಡುವಾಕೆ ತಾರಕಕ್ಕೆ ಇನ್ನೊಂದು ಬಗೆಯಲ್ಲಿ ಹತ್ತಬೇಕು, ತಬಲಾದವನು ತಿಹಾಯಿಯನ್ನು ಹೊಸದಾಗಿ ಕಟ್ಟಬೇಕು. ಜನ ಮತ್ತೊಮ್ಮೆ ಕೇಳಿದ್ದು ಹಾಡನ್ನಲ್ಲ, ಹಾಡಿನ ಸಾಧ್ಯತೆಯನ್ನು. ಜಾಝ್ ಕ್ಲಬ್ಬಿನಲ್ಲಿ ಕೂತವರು ಒಂದೇ ರಾತ್ರಿ ಎರಡು ಮೂರು ಸರದಿ ಕೇಳುವುದೂ ಇದೇ ಆಸೆಗೆ. ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ 1960ರಲ್ಲಿ ಸ್ಟುಡಿಯೋದಲ್ಲಿ ನುಡಿಸಿದ ‘ಮೈ ಫೇವರಿಟ್ ಥಿಂಗ್ಸ್’ ಹದಿನಾಲ್ಕು ನಿಮಿಷದ ಒಳಗಿನದು. ಅದೇ ಹಾಡನ್ನು 1966ರಲ್ಲಿ ಜಪಾನಿನ ಸಭೆಯ ಮುಂದೆ ಹೆಚ್ಚುಕಡಿಮೆ ಒಂದು ಗಂಟೆ ಬೆಳೆಸಿದ. ಇದರಲ್ಲಿ ಯಾವುದು ಮೂಲ, ಯಾವುದು ನಕಲು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ.

ಸಾಕ್ಷಿ ಸುಳ್ಳೂ ಹೇಳುತ್ತದೆ. ಜಾಝ್ ಬಲ್ಲವರ ಮನೆಯಲ್ಲಿ ಇಲ್ಲದಿರದ ತಟ್ಟೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’, 1959ರದು. ಅದರ ಮೊದಲ ಮಗ್ಗುಲಿನ ಮೂರು ರಚನೆಗಳನ್ನು ಮುದ್ರಿಸಿದ ದಿನ ಟೇಪ್ ಯಂತ್ರ ತುಸು ನಿಧಾನ ಓಡುತ್ತಿತ್ತು. ಹಾಗಾಗಿ ತಟ್ಟೆ ಸರಿಯಾದ ವೇಗದಲ್ಲಿ ತಿರುಗಿದಾಗ ಸಂಗೀತ ನುಡಿಸಿದ್ದಕ್ಕಿಂತ ಒಂದು ಕೂದಲೆಳೆ ಚುರುಕು, ಶ್ರುತಿಯೂ ಅಷ್ಟೇ ಏರು. ಇದು ಸರಿಯಾದದ್ದು 1992ರ ಮರುಮುದ್ರಣದಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಲೋಕವೆಲ್ಲ ಮೆಚ್ಚಿ ತಲೆದೂಗಿದ್ದು ಆ ಆರೇಳು ಜನ ಆ ದಿನ ನುಡಿಸದ ಶ್ರುತಿಗೆ. ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ 1956ರ ಜುಲೈಯಲ್ಲಿ ನ್ಯೂಪೋರ್ಟ್ ಉತ್ಸವದಲ್ಲಿ ಕೊಟ್ಟ ಕಛೇರಿಯದು ಇನ್ನೂ ಸ್ವಾರಸ್ಯದ ಕಥೆ. ಪಾಲ್ ಗೊನ್ಸಾಲ್ವೆಸ್ ಎಂಬ ಸ್ಯಾಕ್ಸೋಫೋನ್ ವಾದಕ ಬಿಡದೆ 27 ಸುತ್ತು ನುಡಿಸಿದ; ಕೂತ ಜನ ಎದ್ದು ಕುಣಿದರು; ಇಳಿಮುಖವಾಗಿದ್ದ ಎಲಿಂಗ್ಟನನ ಅದೃಷ್ಟ ಒಂದೇ ರಾತ್ರಿಗೆ ಮೇಲೆದ್ದಿತು. ಅದನ್ನು ‘ನ್ಯೂಪೋರ್ಟಿನಲ್ಲಿ ಎಲಿಂಗ್ಟನ್’ ಎಂಬ ತಟ್ಟೆಯಾಗಿ ಜಗತ್ತು ಕೊಂಡಿತು. ಆ ತಟ್ಟೆಯ ಬಹುಪಾಲು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಮೇಲೆ ಚಪ್ಪಾಳೆ ಅಂಟಿಸಿದ್ದು. ಗೊನ್ಸಾಲ್ವೆಸನ ಆ 27 ಸುತ್ತು ನಿಜವಾಗಿ ಆ ರಾತ್ರಿಯದೇ ಆದರೂ ಅವನು ತಪ್ಪಿ ವಾಯ್ಸ್ ಆಫ್ ಅಮೆರಿಕ ರೇಡಿಯೋದವರ ಮೈಕಿಗೆ ಊದಿದ್ದ. ಕಂಪನಿಯ ತಟ್ಟೆಯಲ್ಲಿ ಅವನು ಬಾವಿಯೊಳಗಿಂದ ನುಡಿಸಿದಂತೆ ಕೇಳುತ್ತಾನೆ. ರೇಡಿಯೋದವರ ಟೇಪ್ ಮುಂದೆ ಸಿಕ್ಕು ಎರಡನ್ನೂ ಜೋಡಿಸಿದ್ದು 1999ರಲ್ಲಿ. ‘ಲೈವ್’ ಎಂಬ ಮಾತು ಹೊದಿಕೆಯ ಮೇಲಿದ್ದ ಮಾತ್ರಕ್ಕೆ ನಂಬಿ ಕೂರುವವರಿಗೆ ಇಷ್ಟು ಸಾಕು. ಸಾಕ್ಷಿ ಬಾಯಿಯನ್ನೇ ಬಿಡದ ಸಂದರ್ಭವೂ ಉಂಟು. 1942ರ ಆಗಸ್ಟಿನಿಂದ ಅಮೆರಿಕದ ವಾದಕರ ಸಂಘ ಸಂಭಾವನೆಯ ತಕರಾರಿನಲ್ಲಿ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ದೊಡ್ಡ ಕಂಪನಿಗಳು ಪೂರ್ತಿ ಮಣಿದದ್ದು 1944ರ ಕೊನೆಗೆ. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಸಣ್ಣ ಕ್ಲಬ್ಬುಗಳಲ್ಲಿ ಬೀಬಾಪ್ ಎಂಬ ಹೊಸ ಶೈಲಿ ಬಲಿತದ್ದು ಆ ಎರಡು ವರ್ಷಗಳ ಆಜುಬಾಜಿನಲ್ಲೇ. ಸ್ಯಾಕ್ಸೋಫೋನಿನ ಚಾರ್ಲಿ ಪಾರ್ಕರ್ 1945ರ ನವೆಂಬರಿನಲ್ಲಿ ಮುದ್ರಿಸಿದ ‘ಕೋ-ಕೋ’ ತಟ್ಟೆಯಾಗಿ ಬಂದಾಗ ಹೊರಗಿನವರಿಗೆ ಅದು ಆಕಾಶದಿಂದ ಬಿದ್ದಂತೆ ಕಂಡಿತು. ಎದುರು ಕೂತು ಕೇಳಿದವರಿಗೆ ಅದು ಬೆಳೆದು ಕೊಯ್ಲಿಗೆ ಬಂದ ಪೈರು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ತಲೆಬಾಗಿ ಉತ್ತರ ಕೊಡಬೇಕು. ತಟ್ಟೆ ಇಲ್ಲದಿದ್ದರೆ ಕನ್ನಡಿಗನಿಗೆ ಜಾಝ್ ಗೊತ್ತಾಗುವುದಾದರೂ ಹೇಗೆ? ನಾನು ಈಗ ಹೇಳಿದ ಪ್ರತಿ ಮಾತಿನ ಹಿಂದೆಯೂ ತಟ್ಟೆಯೇ ಇದೆಯಲ್ಲ? ಇದೆ. ಸಾಕ್ಷಿಯನ್ನು ಪ್ರಶ್ನಿಸುವುದೆಂದರೆ ಅದನ್ನು ಹೊರಗೆ ಹಾಕುವುದಲ್ಲ. ರುದ್ರೇಶ್ ಮಹಾಂತಪ್ಪ ಎಂಬ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಇದಕ್ಕೆ ಸರಿಯಾದ ಉದಾಹರಣೆ. ದಕ್ಷಿಣ ಭಾರತದಿಂದ ಹೋದ ಕುಟುಂಬದ ಹುಡುಗ, ಬೆಳೆದದ್ದು ಕೊಲರಾಡೋದಲ್ಲಿ, ಕಲಿತದ್ದು ಪಾರ್ಕರನ ದಾರಿ. ಅವನಿಗೆ ಅವನ ಅಣ್ಣ ತಮಾಷೆಗೆಂದು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಧ್ವನಿಮುದ್ರಿಕೆ ತಂದುಕೊಟ್ಟ. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆ ಕೇಳುತ್ತ ಕೇಳುತ್ತ ಬೆರಗಾಯಿತು. ಆದರೆ ಮಹಾಂತಪ್ಪ ಆ ಮುದ್ರಿಕೆಯ ಮುಂದೆ ಕೂತು ಗಮಕ ನಕಲು ಮಾಡುತ್ತ ಉಳಿಯಲಿಲ್ಲ. ಗೋಪಾಲನಾಥರನ್ನು ಹುಡುಕಿ ಬಂದ, ಜೊತೆಗೆ ಕೂತು ನುಡಿಸಿದ, 2008ರಲ್ಲಿ ಇಬ್ಬರೂ ಸೇರಿದ ‘ಕಿನ್ಸ್‌ಮೆನ್’ ಬಂತು, ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ, ಜೊತೆಗೆ ಜಾಝ್‌ನ ಗಿಟಾರು, ಬಾಸು, ಡ್ರಮ್ಮು. ಆ ಮುದ್ರಿಕೆಯಲ್ಲಿ ನನಗೆ ಮುಖ್ಯವೆನಿಸುವುದು ಇಬ್ಬರೂ ಒಟ್ಟಿಗೆ ನುಡಿಸುವ ಜಾಗಗಳಿಗಿಂತ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುವ ಸಂದಿಗಳು. ಗೋಪಾಲನಾಥರದು ಸ್ವರದಿಂದ ಸ್ವರಕ್ಕೆ ಜಾರುವ ನಾಗಸ್ವರದ ಉಸಿರು. ಮಹಾಂತಪ್ಪನದು ಸ್ವರವನ್ನು ಕಡಿದು ಕಡಿದು ಎಸೆಯುವ ಅವಸರ. ಎದುರುಬದುರು ಕೂರದೆ ಆ ಸಂದಿಗಳು ಹುಟ್ಟುವುದಿಲ್ಲ. ಮುದ್ರಿಕೆ ಮಾಡಿದ್ದು ಲಗ್ನಪತ್ರಿಕೆಯ ಕೆಲಸ, ಊಟ ಮದುವೆ ಮನೆಯಲ್ಲೇ ಆಯಿತು.

ಗೋಪಾಲನಾಥರ ಕಥೆಯನ್ನೇ ಇನ್ನಷ್ಟು ಹಿಂದಕ್ಕೆ ಹಿಡಿದರೆ ಮಾತು ಬಲವಾಗುತ್ತದೆ. 1949ರಲ್ಲಿ ಬಂಟ್ವಾಳದ ಸಜಿಪಮೂಡದಲ್ಲಿ ನಾಗಸ್ವರ ವಾದಕ ತನಿಯಪ್ಪನವರ ಮಗನಾಗಿ ಹುಟ್ಟಿದ ಅವರಿಗೆ ಸ್ಯಾಕ್ಸೋಫೋನ್ ಸಿಕ್ಕಿದ್ದು ತಟ್ಟೆಯಲ್ಲಲ್ಲ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ, ಕಣ್ಣೆದುರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತು, ಕೀಲಿಗಳ ವಾದ್ಯವನ್ನು ಗಮಕಕ್ಕೆ ಬಗ್ಗಿಸಲು ಅದರ ಒಳಗನ್ನೇ ತಿದ್ದಿಸಿಕೊಂಡರು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸುವೆನೆಂದು ವೇದಿಕೆ ಏರಿದ. ಕದ್ರಿಯವರು ನಾಗಸ್ವರದ ಮನೆಯಿಂದ ಸ್ಯಾಕ್ಸೋಫೋನಿಗೆ ಬಂದರೆ, ಬಾಸ್ಟನ್ನಿನಲ್ಲಿ ಹುಟ್ಟಿ ಬಾಸ್ ವಾದಕ ಚಾರ್ಲ್ಸ್ ಮಿಂಗಸನ 1963ರ ಪ್ರಸಿದ್ಧ ತಟ್ಟೆಯಲ್ಲಿ ಆಲ್ಟೋ ನುಡಿಸಿದ್ದ ಚಾರ್ಲಿ ಮರಿಯಾನೊ ಸ್ಯಾಕ್ಸೋಫೋನ್ ಬಲ್ಲವನಾಗಿ ದಕ್ಷಿಣಕ್ಕೆ ಬಂದು ನಾಗಸ್ವರ ಕಲಿತ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಮೊದಲಾದವರ ಜೊತೆ ಅವನು ಮಾಡಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇ.ಸಿ.ಎಂ. ಕಂಪನಿಯಿಂದ ಬಂತು. ಕನ್ನಡ ನಾಡಿನವರು ಭಾಗಿಯಾದ ಜಾಝ್ ಮುದ್ರಿಕೆಗಳಲ್ಲಿ ನಾನು ಮೇಲಿಡುವುದು ಅದನ್ನು. ರಮಾಮಣಿಯವರ ದನಿ ಮುಂದೆ ಹೋಗಿ ದಾರಿ ತೋರುತ್ತದೆ, ಸ್ಯಾಕ್ಸೋಫೋನ್ ಅತಿಥಿಯ ಸಂಕೋಚದಲ್ಲಿ ಹಿಂದೆ ಬರುತ್ತದೆ. ಒಂದು ತಕರಾರು ಉಂಟು: ಆ ಕಂಪನಿಯ ಹೆಸರಾದ ಶುಭ್ರ, ಗುಂಯ್ಗುಟ್ಟುವ ಧ್ವನಿ ಘಟದ ಮಣ್ಣನ್ನು ತೊಳೆದು ಇಟ್ಟಂತಿದೆ. 

ಇನ್ನೊಂದು ಆಕ್ಷೇಪ ತೂಕದ್ದು. ಸ್ಟುಡಿಯೋ ಎಂಬುದೇ ಒಂದು ವಾದ್ಯವಾಗಿರುವ ಮುದ್ರಿಕೆಗಳಿವೆ. ಮೈಲ್ಸ್ ಡೇವಿಸನ 1969ರ ‘ಇನ್ ಎ ಸೈಲೆಂಟ್ ವೇ’ಯಲ್ಲಿ ನಿರ್ಮಾಪಕ ಟಿಯೋ ಮಾಸೆರೊ ಟೇಪನ್ನು ಕತ್ತರಿಸಿ, ಎರಡನೇ ಮಗ್ಗುಲಿನ ಶುರುವಿನ ಭಾಗವನ್ನೇ ಕೊನೆಗೂ ಅಂಟಿಸಿದ, ಪಲ್ಲವಿಗೆ ಮರಳಿದಂತೆ ನಮಗೆ ಕೇಳುವುದು ಕತ್ತರಿಯ ಕೆಲಸ. ಇದು ಮೋಸವೇ? ನ್ಯೂಪೋರ್ಟಿನ ಚಪ್ಪಾಳೆಯ ಹಾಗೆ ಇದು ಮೋಸವಲ್ಲ, ಏಕೆಂದರೆ ಇದು ತಾನು ಕಛೇರಿ ಎಂದು ಹೇಳಿಕೊಳ್ಳುತ್ತಿಲ್ಲ. ಸಿನಿಮಾವನ್ನು ನಾಟಕ ಎಂದು ಯಾರೂ ಬೈಯುವುದಿಲ್ಲ. ಅಂಥ ಮುದ್ರಿಕೆಯನ್ನು ಸಿನಿಮಾ ನೋಡುವ ಕಣ್ಣಿನಿಂದ ಕೇಳಿ, ಸಂಕಲನಕಾರನಿಗೂ ಪಾಲು ಕೊಡಿ, ಅಲ್ಲಿಗೆ ನ್ಯಾಯ ಮುಗಿಯಿತು. ನನ್ನ ವಾದ ಇರುವುದು ಕಛೇರಿಯ ವೇಷದಲ್ಲಿ ಬರುವ ತಟ್ಟೆಯ ಬಗ್ಗೆ, ತಟ್ಟೆಯ ವೇಷದಲ್ಲಿ ಬರುವ ಕಛೇರಿಯ ಬಗ್ಗೆ.

ಆ ಎರಡನೆಯದೇ ಈಗ ನಮ್ಮ ಊರುಗಳ ಸಂಕಟ. ಎದುರಿಗೆ ಕೂತು ಕೇಳಿ ಎನ್ನುತ್ತೀರಿ, ಎದುರಿಗೆ ಕೂರಲು ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಅವರ ಪರವಾಗಿಯೇ ನಿಲ್ಲುತ್ತೇನೆ. ಆಳೆತ್ತರದ ಸ್ಪೀಕರ್ ಗೋಡೆ, ಕಿವಿ ಸೀಳುವ ಸದ್ದು, ಟ್ರ್ಯಾಕ್ ಹಾಕಿಕೊಂಡು ಬಾಯಾಡಿಸುವ ಹಾಡುಗಾರರು, ಮೆರವಣಿಗೆಯಲ್ಲಿ ಡಿ.ಜೆ.ಯ ಅಬ್ಬರಕ್ಕೆ ಸಿಕ್ಕಿ ಬಾಯಿ ಮುಚ್ಚಿದ ವಾಲಗ. ಆದರೆ ಇಲ್ಲಿ ಕೆಟ್ಟದ್ದು ಯಾವುದು ನೋಡಿ. ಡಿ.ಜೆ., ಟ್ರ್ಯಾಕು ಎರಡೂ ಮುದ್ರಿಕೆಗಳೇ. ಎದುರು ನುಡಿಸುವವರನ್ನು ಮುದ್ರಿಕೆ ಹೊರಗೆ ಅಟ್ಟಿದ ಮೇಲೆ ಉಳಿದ ಗದ್ದಲವನ್ನು ಎದುರು ನುಡಿಸುವವರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಸಂತೇಬೆನ್ನೂರಿನ ಪುಷ್ಕರಿಣಿಯ ಮೆಟ್ಟಿಲ ಮೇಲೆ ಮೈಕಿಲ್ಲದೆ ಊದಿದ ಶಹನಾಯಿಗೆ ನೀರೂ ಕಲ್ಲೂ ದನಿಗೂಡಿಸುತ್ತವೆ. ಕೊಡದಗುಡ್ಡದ ತಪ್ಪಲಿನಲ್ಲಿ ಗಾಳಿ ತನ್ನ ಪಾಲು ಕೇಳುತ್ತದೆ. ಜಾಗವೂ ನುಡಿಸುವವರಲ್ಲಿ ಒಬ್ಬ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯಲ್ಲಿ ಬಿಲ್ ಎವಾನ್ಸ್, ಸ್ಕಾಟ್ ಲಫಾರೊ, ಪಾಲ್ ಮೋಟಿಯನ್ ನುಡಿಸಿದ ಮುದ್ರಿಕೆಯನ್ನು ನಾನು ಮೇಲು ಎನ್ನುವುದು ಅದಕ್ಕೇ. ಪಿಯಾನೋದ ಮೃದು ಸ್ವರಗಳ ನಡುವೆ ಲೋಟಗಳು ತಾಗುವ ಸದ್ದು, ಯಾರದೋ ನಗು, ಪಿಸುಮಾತು ಕೇಳುತ್ತವೆ. ಜನ ಇದ್ದರು, ಕೆಲವರು ಗಮನ ಕೊಡುತ್ತಲೇ ಇರಲಿಲ್ಲ, ಆದರೂ ಅಲ್ಲಿ ಒಂದು ಅಪೂರ್ವ ಸಂಗತಿ ನಡೆಯುತ್ತಿತ್ತು. ಹನ್ನೊಂದು ದಿನಕ್ಕೆ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ, ವಯಸ್ಸು ಇಪ್ಪತ್ತೈದು. ಆ ಲೋಟದ ಸದ್ದನ್ನು ಒರೆಸಿ ಹಾಕಿದ್ದರೆ ಸಾಕ್ಷಿಯ ನಾಲಿಗೆ ಕತ್ತರಿಸಿದಂತೆ ಆಗುತ್ತಿತ್ತು.

ಕೊನೆಯ ಆಕ್ಷೇಪ, ಜಾಝ್ ನಮ್ಮದಲ್ಲವಲ್ಲ ಎಂಬುದು. ನಮ್ಮದಲ್ಲ, ಒಪ್ಪಿದೆ. ಗುಲಾಮಗಿರಿಯ ಬೆನ್ನಿನ ಬಾಸುಂಡೆಯಿಂದ ಬಂದ ದನಿಯನ್ನು ನಮ್ಮದೆಂದು ಎಳೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಸಂಗೀತದ ಒಳಗೂ ಗಟ್ಟಿ ಅಂತರವಿದೆ: ನಮ್ಮದು ಒಂದು ಷಡ್ಜವನ್ನು ನಂಬಿ ಅದರ ಸುತ್ತ ಬೆಳೆಯುವ ಸಂಗೀತ, ಪಾರ್ಕರನದು ಕ್ಷಣಕ್ಕೊಮ್ಮೆ ನೆಲವೇ ಸರಿಯುವ ಸಂಗೀತ. ತಂಬೂರಿಯ ಶ್ರುತಿಗೆ ಪಳಗಿದ ಕಿವಿ ಪಾರ್ಕರನಿಂದ ಶುರು ಮಾಡಿದರೆ ತಲೆ ತಿರುಗುತ್ತದೆ. ‘ಕೈಂಡ್ ಆಫ್ ಬ್ಲೂ’ನ ಮೊದಲ ರಚನೆ ‘ಸೋ ವಾಟ್’ನಿಂದ ಶುರು ಮಾಡಲಿ. ಅದರ ಸ್ವರಸಮೂಹ ಹಿಂದುಸ್ತಾನಿಯ ಕಾಫಿ ಥಾಟಿನದು, ಕರ್ನಾಟಕ ಪದ್ಧತಿಯ ಖರಹರಪ್ರಿಯದ್ದು. ನಾಲ್ಕು ಮಾತ್ರೆಯ ಹದಿನಾರು ಅಳತೆ ಅಲ್ಲೇ ನೆಲೆನಿಂತು, ಮುಂದಿನ ಎಂಟು ಅಳತೆಗೆ ಇಡೀ ತಂಡ ಷಡ್ಜವನ್ನೇ ಅರ್ಧ ಸ್ವರ ಮೇಲಕ್ಕೆ ಎತ್ತಿಡುತ್ತದೆ. ಮತ್ತೆ ಎಂಟಕ್ಕೆ ಮನೆಗೆ ಮರಳುತ್ತದೆ. ಪೆಟ್ಟಿಗೆ ಬಾರಿಸಿ ಗೊತ್ತಿದ್ದವರು ಕಾಫಿಯ ಸ್ವರಗಳನ್ನು ಹಿಡಿದು ಜೊತೆಗೂಡಿ ನೋಡಲಿ. ಆ ಎಂಟು ಅಳತೆ ಬಂದಾಗ ಬೆರಳು ತಡವರಿಸುತ್ತದೆ. ಆ ತಡವರಿಕೆಯಲ್ಲೇ ಎರಡು ಸಂಗೀತಗಳ ಅಂತರ ಮೈಗೆ ತಿಳಿಯುತ್ತದೆ, ನೂರು ಪುಟ ಓದಿದ್ದಕ್ಕಿಂತ ಚೆನ್ನಾಗಿ.

ಸಾಕ್ಷಿ ಹೀಗೆ ಕುಂಟು ಎಂದು ಗೊತ್ತಾದ ಮೇಲೆ, ನಮ್ಮ ನಾಲ್ಕು ತಾಲ್ಲೂಕುಗಳ ವಾಲಗ, ಡೊಳ್ಳು, ಭಜನೆ, ಲಂಬಾಣಿ ಹಾಡಿಗೆ ನಾವೇ ಒಳ್ಳೆಯ ಸಾಕ್ಷಿಗಳನ್ನು ಸಿದ್ಧ ಮಾಡಬೇಕು. ಬೋಲ್ಡನ್ನಿಗೆ ಆದದ್ದು ಇಲ್ಲಿಯ ಎಷ್ಟೋ ಶಹನಾಯಿಯವರಿಗೆ ಈಗಾಗಲೇ ಆಗಿಹೋಗಿದೆ. ಎಲ್ಲರ ಜೇಬಿನಲ್ಲೂ ಯಂತ್ರ ಇದೆ, ಆದರೆ ಅದರಲ್ಲಿ ಸಿಗುವುದು ಮೂವತ್ತು ಸೆಕೆಂಡಿನ ತುಣುಕು. ಗೌಹರ್ ಜಾನ್ ಅವರಿಗಿದ್ದ ಮೂರು ನಿಮಿಷಕ್ಕಿಂತಲೂ ನಾವು ಬಡವರಾಗಿದ್ದೇವೆ. ಒಂದು ಜಾತ್ರೆಯಲ್ಲಿ ಒಂದು ಮೇಳವನ್ನಾದರೂ ಶುರುವಿನಿಂದ ಕೊನೆಯವರೆಗೆ ಹಿಡಿಯಿರಿ. ಡೊಳ್ಳಿಗೆ ಫೋನನ್ನು ಮುಖದ ಹತ್ತಿರ ಒಡ್ಡದೆ ಇಪ್ಪತ್ತು ಮೂವತ್ತು ಹೆಜ್ಜೆ ದೂರ, ಕಲ್ಲಿನ ಮೇಲೋ ಕಟ್ಟೆಯ ಮೇಲೋ ಅಲುಗದಂತೆ ಇಡಿ. ಸಾಧ್ಯವಾದರೆ ಅದೇ ಮೇಳವನ್ನು ಮುಂದಿನ ವರ್ಷ ಮತ್ತೊಮ್ಮೆ ಹಿಡಿಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದಾಗ ಯಾವುದು ಕಟ್ಟು, ಯಾವುದು ಆ ಗಳಿಗೆಯ ಹೊಳಹು ಎಂದು ತಿಳಿಯುತ್ತದೆ. ಮಗು ಅತ್ತರೆ, ಕಡಲೆಪುರಿ ಮಾರುವವನು ಕೂಗಿದರೆ, ಯಾರೋ ನಡುವೆ ಬಂದು ಮಾತಾಡಿದರೆ ನಿಲ್ಲಿಸಬೇಡಿ. ಊರು, ತಿಥಿ, ವಾದ್ಯ ಬರೆದಿಟ್ಟುಕೊಳ್ಳಿ. ಹೆಸರು ಮಾತ್ರ ನೀವು ಬರೆಯಬೇಡಿ. ನುಡಿಸಿ ಮುಗಿದ ಮೇಲೆ, ಯಂತ್ರ ಇನ್ನೂ ಓಡುತ್ತಿರುವಾಗಲೇ, ಊದಿದವರು, ಬಾರಿಸಿದವರು, ಸೊಲ್ಲು ಹಿಡಿದವರು ಒಬ್ಬೊಬ್ಬರಾಗಿ ತಮ್ಮ ಹೆಸರನ್ನು ತಾವೇ ಹೇಳಲಿ, ಕಲ್ಕತ್ತೆಯ ಆ ಕೋಣೆಯಲ್ಲಿ ಗೌಹರ್ ಜಾನ್ ಕೂಗಿ ಹೇಳಿದ ಹಾಗೆ.